ಒಲೆಗೆ ಸೂಟಿ, ತಾಟಿಗೆ ತಪ್ಪಲ

ವಿಮಲಾಬಾಯಿ ಕಾನೂನು ಓದಲೆಂದು ಕಲಬುರಗಿಗೆ ಬಂದಾಗ ಅವರಿಗೆ ನಲವತ್ನಾಲ್ಕು ವರ್ಷ. ಕೈಯಲ್ಲಿ ಒಂದು ಟ್ರಂಕು, ಬಗಲಲ್ಲಿ ಹಾಸಿಗೆಯ ಸುರುಳಿ, ಹೆಗಲಿಗೆ ಮದುವೆಯಾಗಿ ಹೋದ ಮಗಳು ಬಿಟ್ಟಿದ್ದ ಕಾಲೇಜು ಬ್ಯಾಗು. ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ದಿಲ್ಶಾದ್ ಬೇಗಂ ಎಂಬ ನಿವೃತ್ತ ಶಿಕ್ಷಕಿ ತಮ್ಮ ಮನೆಯ ಮೇಲಂತಸ್ತನ್ನು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಿದ್ದರು. ಬಾಗಿಲು ತೆರೆದವರು ವಿಮಲಾಬಾಯಿಯ ಬೆನ್ನ ಹಿಂದೆ ಇಣುಕಿ, ಮಗಳೆಲ್ಲಿ ಎಂದು ಕೇಳಿದರು. ಓದುವ ಹುಡುಗಿ ತಾನೇ ಎಂದು ವಿಮಲಾಬಾಯಿ ಪ್ರವೇಶದ ರಸೀದಿ ತೆಗೆದು ತೋರಿಸಿದರು. ದಿಲ್ಶಾದ್ ಬೇಗಂ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ಆಮೇಲೆ ಟ್ರಂಕಿನ ಒಂದು ಹಿಡಿಗೆ ತಾವೇ ಕೈಹಾಕಿ ಮೆಟ್ಟಿಲು ಹತ್ತಿಸಿದರು.

ವಿಮಲಾಬಾಯಿಯ ಊರು ಕಮಲಾಪುರ. ಪಿಯುಸಿ ಮುಗಿದ ವರ್ಷವೇ ಮದುವೆ. ಅಲ್ಲಿಂದ ಇಪ್ಪತ್ತಾರು ವರ್ಷ ಅತ್ತೆ, ಮಾವ, ಇಬ್ಬರು ಮೈದುನರು, ಗಂಡ, ಮಗಳು ಎಲ್ಲರಿಗೂ ರೊಟ್ಟಿ ಬಡಿದಿದ್ದರು. ಗಂಡ ಅಮರನಾಥ ಗೊಬ್ಬರದ ಅಂಗಡಿಯೊಂದರಲ್ಲಿ ನೌಕರ, ಮಾತು ಕಡಿಮೆ. ರೊಟ್ಟಿಯ ನಡುವೆ ಹೇಗೋ ಬಿಡುವು ಮಾಡಿಕೊಂಡು ವಿಮಲಾಬಾಯಿ ಅಂಚೆಯ ಮೂಲಕ ಬಿ.ಎ. ಮುಗಿಸಿದ್ದರು. ಕಮಲಾಪುರ ತಾಲ್ಲೂಕಾದ ಮೇಲೆ ತಹಶೀಲ್ದಾರ ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಒಂದು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡತೊಡಗಿದರು. ಪಹಣಿಯಲ್ಲಿ ಹೆಸರು ತಪ್ಪಿದ್ದು, ವಿಧವಾ ವೇತನ ನಿಂತದ್ದು, ಬದುವಿನ ಜಗಳ, ಏನಿದ್ದರೂ ಅವರ ಅರ್ಜಿ ಒಂದೇ ಪುಟದಲ್ಲಿ ಮುಗಿಯುತ್ತಿತ್ತು. ಓದಿದವರಿಗೆ ವಿಷಯ ಅರ್ಥವಾಗುತ್ತಿತ್ತು.

ಒಂದು ಸಲ ಒಬ್ಬ ಮುದುಕಿಯ ಜೊತೆ ಕಚೇರಿಯ ಒಳಗೆ ಹೋಗಿ, ಅರ್ಜಿಯಲ್ಲಿ ಬರೆದದ್ದನ್ನೇ ಬಾಯಿಬಿಟ್ಟು ಹೇಳಲು ನಿಂತರು. ಅಲ್ಲಿದ್ದ ವಕೀಲರೊಬ್ಬರು ನಕ್ಕು, "ಬರೆಯೋದು ನಿಮ್ಮ ಕೆಲಸ ರೀ ಬಾಯಿ. ಮಾತಾಡಾಕ ನಾವು ಅದೀವಿ" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಆದರೂ ಆ ಮಾತು ವಿಮಲಾಬಾಯಿಯ ಜೊತೆ ಮನೆಗೆ ಬಂತು, ರಾತ್ರಿ ಊಟಕ್ಕೂ ಕೂತಿತು. ಮುಂದಿನ ತಿಂಗಳು ಕಲಬುರಗಿಯ ಒಂದು ಕಾನೂನು ಕಾಲೇಜಿನ ಫಾರ್ಮು ತುಂಬಿದರು. ಅಮರನಾಥ ಫಾರ್ಮನ್ನು ನೋಡಿ "ಹೂಂ" ಎಂದರು. ಕ್ಲಾಸು ಮುಂಜಾನೆ ಏಳೂವರೆಗೆ ಸುರುವಾಗುವುದರಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತು. ಹಾಗಾಗಿ ಕೋಣೆ.

ಆ ಕೋಣೆಯಲ್ಲಿ ಆಗಲೇ ಇಬ್ಬರಿದ್ದರು. ಆಳಂದ ಕಡೆಯ ಸೌಂದರ್ಯಾ ಎಂ.ಕಾಂ. ಓದುತ್ತಿದ್ದಳು, ಹುಮನಾಬಾದಿನ ಅಫ್ರೀನ್ ಫಾರ್ಮಸಿ. ಕೋಣೆಗೆ ಅಂಟಿಕೊಂಡು ಒಂದು ಗೇಣಗಲದ ಅಡುಗೆಮನೆ, ಅದರಲ್ಲಿ ಒಂದು ಸಣ್ಣ ಗ್ಯಾಸಿನ ಒಲೆ. ಅದರ ಮೇಲೆ ಚಹಾ ಮತ್ತು ನೂಡಲ್ಸ್ ಬಿಟ್ಟರೆ ಬೇರೇನೂ ಬೆಂದದ್ದಿಲ್ಲ. ಕಮಲಾಪುರದಿಂದ ಮನೆತನದ ಹೆಣ್ಣುಮಗಳೊಬ್ಬರು ಬಂದದ್ದು ಕಂಡು ಇಬ್ಬರಿಗೂ ಹಿಗ್ಗು. ಅವರು ಟ್ರಂಕು ಬಿಚ್ಚುವಷ್ಟರಲ್ಲಿ ಸೌಂದರ್ಯಾ ಒಲೆಯನ್ನು ಬೂದಿ ಹಚ್ಚಿ ತಿಕ್ಕಿದಳು. ಅಫ್ರೀನ್ ಸಾಸಿವೆ, ಜೀರಿಗೆ, ಎಣ್ಣೆ ತಂದಿಟ್ಟಳು. ವಿಮಲಾಬಾಯಿ ಮುಖ ತೊಳೆದು ಕೂತ ಮೇಲೆ, ರಾತ್ರಿಗೆ ಏನು ಮಾಡೋಣ ಕಾಕು ಎಂದು ಸೌಂದರ್ಯಾ ಮೆಲ್ಲಗೆ ಕೇಳಿದಳು. ಚಿಕ್ಕಮ್ಮನ ವಯಸ್ಸಿನವರಿಗೆ ಇಲ್ಲಿ ಕಾಕು ಎನ್ನುತ್ತಾರೆ.

ವಿಮಲಾಬಾಯಿಗೆ ಆ ತಿಕ್ಕಿದ ಒಲೆ, ಸಾಲಾಗಿಟ್ಟ ಡಬ್ಬಿಗಳು ಕಣ್ಣಿಗೆ ಬಿದ್ದವು.

"ನೋಡ್ರವಾ, ಇಪ್ಪತ್ತಾರು ವರ್ಷ ಒಲಿ ಮುಂದ ನಿಂತೀನಿ. ಇಲ್ಲಿ ನಾ ಕಲಿಯಾಕ ಬಂದೀನಿ. ಮೂರು ವರ್ಷ ನನಗ ಒಲಿ ಸೂಟಿ."

"ಚಹಾ ಸುದ್ದಾ ಮಾಡಂಗಿಲ್ರಿ ಕಾಕು?" ಎಂದಳು ಅಫ್ರೀನ್.

"ನೀವು ಮಾಡಿದ್ರ ಕುಡೀತೀನಿ."

ಅಲ್ಲಿಂದ ವಿಮಲಾಬಾಯಿಯ ಜೀವನದ ಅತಿ ಸುಖದ ಎರಡೂವರೆ ತಿಂಗಳು ಸುರುವಾದವು. ಮುಂಜಾನೆ ಬಂಡಿಯ ಮುಂದೆ ನಿಂತು ಮಂಡಕ್ಕಿಯ ಸುಸಲಾ, ಅದರ ಮೇಲೆ ಒಂದು ಮಿರ್ಚಿ ಭಜ್ಜಿ. ಕ್ಲಾಸಿನ ನಡುವೆ ಕ್ಯಾಂಟೀನಿನ ವಡೆ. ಮಧ್ಯಾಹ್ನ ಬೇಕರಿಯ ಪಫ್ಸು. ಸಂಜೆ ಚಹಾದಲ್ಲಿ ಅದ್ದಿದ ಖಾರಿ. ರಾತ್ರಿ ಹುಡುಗಿಯರ ನೂಡಲ್ಸಿನಲ್ಲಿ ಪಾಲು. ಇಷ್ಟು ವರ್ಷ ದಿನ ಬೆಳಗಾದರೆ ಏನು ಮಾಡಲಿ ಎಂದು ಯೋಚಿಸಿದವರು ಈಗ ಏನು ತಿನ್ನಲಿ ಎಂದು ಯೋಚಿಸುತ್ತಿದ್ದರು. ಕಾಗದದ ತಟ್ಟೆ ಹಿಡಿದು ರಸ್ತೆಯ ಮೇಲೆ ನಿಂತು, ತಿಂದು, ತಟ್ಟೆಯನ್ನು ಡಬ್ಬಕ್ಕೆ ಎಸೆದು ನಡೆದುಬಿಡುವುದು! ತಿಕ್ಕುವ ಭಾಂಡೆ ಒಂದೂ ಇಲ್ಲ. ಒಂದು ದಿನ ಮಗಳಿಗೆ ಫೋನು ಮಾಡಿ ಬರೀ ಇದನ್ನೇ ಹತ್ತು ನಿಮಿಷ ವರ್ಣಿಸಿದ್ದರಂತೆ.

ಹೊಟ್ಟೆ ಮಾತ್ರ ಈ ಸುಖಕ್ಕೆ ಒಪ್ಪಲಿಲ್ಲ. ಮೊದಲು ಬಾಯಿಹುಣ್ಣಾಯಿತು. ಆಮೇಲೆ ಮೂರು ದಿನ, ನಾಲ್ಕು ದಿನ ಹೊಟ್ಟೆ ಖಾಲಿಯಾಗದೆ ಉಬ್ಬರಿಸಿತು. ಕರಾರು ಕಾಯಿದೆಯ ಕ್ಲಾಸಿನಲ್ಲಿ ಮೂರನೇ ಬೆಂಚಿನಲ್ಲಿ ತೂಕಡಿಸಿದಾಗ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರೆಲ್ಲ ತಿರುಗಿ ನೋಡಿದಾಗ ಅವರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಐದನೇ ದಿನ ಅಫ್ರೀನ್ ಅವರನ್ನು ಒತ್ತಾಯದಿಂದ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಅಲ್ಲಿದ್ದ ಡಾಕ್ಟರು ವಯಸ್ಸಾದ ಹೆಂಗಸು. ಹೊಟ್ಟೆ ಒತ್ತಿ ನೋಡಿ, ಈ ವಾರ ಕಾಯಿಪಲ್ಯ ಏನೇನು ತಿಂದಿರಿ ಎಂದು ಕೇಳಿದರು.

"ಉಳ್ಳಾಗಡ್ಡಿ ರೀ," ಎಂದರು ವಿಮಲಾಬಾಯಿ.

"ಹ್ಯಾಂಗ ತಿಂದ್ರಿ?"

"ಭಜ್ಜಿಯೊಳಗ."

"ಮತ್ತ?"

"ಮೆಣಸಿನಕಾಯಿ."

ಅದು ಯಾವುದರೊಳಗೆ ಎಂದು ಡಾಕ್ಟರು ಕೇಳಲಿಲ್ಲ. ನೀರಿಗೆ ಕದಡಿ ಕುಡಿಯುವ ಒಂದು ಪುಡಿ ಬರೆದುಕೊಟ್ಟರು. ಪುಡಿ ಒಂದು ವಾರಕ್ಕಷ್ಟೇ, ಆಮೇಲೆ ತಟ್ಟೆಯಲ್ಲಿ ಹಸಿರು ಕಾಣಬೇಕು ಎಂದು ಎಚ್ಚರಿಸಿ ಕಳಿಸಿದರು. ಪುಡಿಯ ಡಬ್ಬಿಯ ಬೆಲೆ ಕೇಳಿದಾಗ ವಿಮಲಾಬಾಯಿಗೆ ಹೊಟ್ಟೆನೋವು ಒಮ್ಮೆ ಮರೆತುಹೋಯಿತು. ಅರ್ಜಿ ಬರೆದು ಕೂಡಿಟ್ಟ ದುಡ್ಡಿನಲ್ಲೇ ಮೂರು ವರ್ಷ ಕಳೆಯಬೇಕಿತ್ತು.

ಇನ್ನಾದರೂ ಕಾಕು ಒಲೆ ಹಚ್ಚುತ್ತಾರೆ ಎಂದು ಸೌಂದರ್ಯಾ ಕಾದಳು. ವಿಮಲಾಬಾಯಿಗೂ ಅದೇ ಯೋಚನೆ ಬರದೆ ಇರಲಿಲ್ಲ. ಆದರೆ ಒಮ್ಮೆ ಸೌಟು ಹಿಡಿದರೆ ಮೂರು ಜನರ ಅಡುಗೆ ತನ್ನ ಕೊರಳಿಗೇ ಬೀಳುತ್ತದೆ, ಕರಾರು ಕಾಯಿದೆ ಮೂಲೆ ಸೇರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದೇ ಚಿಂತೆಯಲ್ಲಿ ಸಂಜೆ ಬಜಾರದ ಕಡೆ ನಡೆದರು.

ರಸ್ತೆಯ ತಿರುವಿನಲ್ಲಿ ಗೋಣಿಚೀಲ ಹಾಸಿ ಮಸ್ತಾನಬಿ ಎಂಬ ಹೆಂಗಸು ತಪ್ಪಲ ಮಾರುತ್ತಿದ್ದಳು. ಇಲ್ಲಿ ಸೊಪ್ಪಿಗೆ ತಪ್ಪಲ ಎಂದೇ ಹೆಸರು. ಮೆಂತ್ಯೆ, ಪುಂಡಿ, ರಾಜಗಿರಿ, ಉಳ್ಳಾಗಡ್ಡಿ ತಪ್ಪಲಿನ ಕಟ್ಟುಗಳ ನಡುವೆ ಒಂದು ಸಣ್ಣ ಗುಡ್ಡೆ ಹಕ್ಕರಕಿಯೂ ಇತ್ತು. ಹೊಲದಲ್ಲಿ ತಾನೇ ಹುಟ್ಟುವ, ಎಲೆಯಂಚು ಗರಗಸದಂತಿರುವ, ಸ್ವಲ್ಪ ಕಹಿಯ ಸೊಪ್ಪು. ಅದನ್ನು ಕಂಡದ್ದೇ ವಿಮಲಾಬಾಯಿಯ ಕಾಲು ನಿಂತಿತು. ತವರಿನ ಹೊಲದಲ್ಲಿ ಕಳೆ ತೆಗೆಯುವಾಗ ಅವ್ವ ಮಧ್ಯಾಹ್ನದ ಬುತ್ತಿ ಬಿಚ್ಚಿ, ಕೈಗೆ ಸಿಕ್ಕ ಹಕ್ಕರಕಿಯನ್ನು ಕಿತ್ತು, ಕೊಡದ ನೀರಿನಲ್ಲಿ ಅದ್ದಿ, ರೊಟ್ಟಿಯ ಮೇಲೆ ಇಟ್ಟುಕೊಡುತ್ತಿದ್ದಳು. ಯಾರೂ ಒಲೆ ಹಚ್ಚುತ್ತಿರಲಿಲ್ಲ. ಎಲ್ಲರ ಹೊಟ್ಟೆಯೂ ಸರಿಯಿತ್ತು.

ಯಾವುದು ಅಗ್ಗ ಎಂದು ಕೇಳಿದರು.

"ಯಾವುದು ಹೆಚ್ಚು ಬಂದದ ನೋಡ್ರಿ ಬಾಯಿ, ಅದ ಸಸ್ತಾ," ಎಂದಳು ಮಸ್ತಾನಬಿ. "ಈಗ ಮೆಂತ್ಯೆ ಗಾಡಿಗಟ್ಟಲೆ ಬರಾಕತ್ತದ. ಗೋಬಿ ಬ್ಯಾಡ್ರಿ, ಹದಿನೈದು ದಿನ ತಡೀರಿ. ಮತ್ತ ನಾ ಚೀಲ ಮಡಚೋ ಹೊತ್ತಿಗೆ ಬರ್ರಿ, ಉಳಿದಿದ್ದನ್ನ ಕೂಡಿಸಿ ಕೊಡ್ತೀನಿ."

ಆ ಸಂಜೆ ವಿಮಲಾಬಾಯಿ ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ, ಎರಡು ಮೂಲಂಗಿ, ಎರಡು ಸೌತೆಕಾಯಿ, ನಾಲ್ಕು ಗಜ್ಜರಿ ತಂದರು. ಓಣಿಯ ತುದಿಯಲ್ಲಿ ಹೆಂಗಸರ ಸಂಘವೊಂದು ಮಾರುವ ಖಡಕ್ ಜೋಳದ ರೊಟ್ಟಿಯ ಒಂದು ಕಟ್ಟು, ಜೊತೆಗೆ ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ಪೊಟ್ಟಣ. ಎಲ್ಲ ಸೇರಿ ಮೂರು ಪಫ್ಸಿನ ಬೆಲೆಗಿಂತ ಹೆಚ್ಚೇನೂ ಆಗಲಿಲ್ಲ. ಅಫ್ರೀನ್ ತನ್ನ ವಿದ್ಯೆ ತೋರಿಸಿ, ಹಸಿ ತಿನ್ನುವುದಾದರೆ ಉಪ್ಪುನೀರಿನಲ್ಲಿ ನೆನೆಸಿ ಮೂರು ಸಲ ತೊಳೆಯಲೇಬೇಕು ಎಂದು ಹಟ ಹಿಡಿದು ತಾನೇ ತೊಳೆದಳು. ಗಜ್ಜರಿ, ಮೂಲಂಗಿಗಳನ್ನು ಉದ್ದುದ್ದ ಸೀಳಿ, ತಾಟಿನ ನಡುವೆ ಹಿಂಡಿಗೆ ಮೊಸರು ಕಲಸಿ ಇಟ್ಟು, ಸುತ್ತ ತಪ್ಪಲ ಹರಡಿದರು. ಒಲೆ ಮುಟ್ಟದೆ ಮೂರು ಜನರ ಊಟ ತಯಾರಾಯಿತು.

ಸೌಂದರ್ಯಾ ತಾಟನ್ನು ನೋಡಿ, ನಾವೇನು ಆಡುಗಳೇ ಎಂದು ಕೇಳಿದಳು. ಒಂದು ಹಕ್ಕರಕಿಯ ಎಲೆಯನ್ನು ತುದಿಹಲ್ಲಿನಲ್ಲಿ ಕಚ್ಚಿ ಮುಖ ಕಿವುಚಿದಳು. ಅಫ್ರೀನ್ ಮಾತ್ರ ರೊಟ್ಟಿ ಮುರಿದು, ಅದರಲ್ಲಿ ಹಿಂಡಿ ಮೊಸರು ಎತ್ತಿ, ಮೇಲೆ ಮೆಂತ್ಯೆಯ ಎಲೆ ಇಟ್ಟು ಕರುಂ ಕುರುಂ ಎಂದು ತಿನ್ನುತ್ತ ಹೋದಳು. ತನ್ನ ಮನೆಯಲ್ಲಿ ಮೆಂತ್ಯೆ ಯಾವಾಗಲೂ ಖೀಮಾದ ಜೊತೆಗೇ ಬೇಯುತ್ತದೆ, ಹಸಿಯಾಗಿ ಇಷ್ಟು ಚೆನ್ನಾಗಿರುತ್ತದೆ ಎಂದು ಗೊತ್ತಿರಲಿಲ್ಲ ಎಂದಳು. ಆಮೇಲೆ ಸೌಂದರ್ಯಾ ಗಜ್ಜರಿಯಿಂದ ಸುರು ಮಾಡಿದಳು. ಅರ್ಧ ಗಂಟೆಯಲ್ಲಿ ತಾಟು ಖಾಲಿ. ಹಕ್ಕರಕಿಯನ್ನು ಮಾತ್ರ ವಿಮಲಾಬಾಯಿ ಒಬ್ಬರೇ ಮುಗಿಸಿದರು.

ವಾರದೊಳಗೆ ಹೊಟ್ಟೆ ದಾರಿಗೆ ಬಂತು. ಬಾಯಿಹುಣ್ಣು ಮಾಯಿತು. ಪುಡಿಯ ಡಬ್ಬಿ ಅರ್ಧಕ್ಕೇ ಉಳಿಯಿತು.

ದಿನಾ ಹಸಿ ತಿನ್ನಲಾಗದು ಎಂದು ಮೊದಲು ಗೊಣಗಿದವಳು ಸೌಂದರ್ಯಾ. ಚಳಿ ಬಿದ್ದಿತ್ತು, ಅವಳಿಗೆ ಬಿಸಿ ಪಲ್ಯ ಬೇಕಿತ್ತು. ಮಾಡಿಕೋ ಎಂದರು ವಿಮಲಾಬಾಯಿ. ಬರುವುದಿಲ್ಲ ಎಂದಾಗ, ಕೇಳು, ಹೇಳುತ್ತೇನೆ, ಆದರೆ ಎದ್ದು ಬರುವುದಿಲ್ಲ ಎಂದರು. ಹೀಗೆ ಆ ಕೋಣೆಯ ಅಡುಗೆ ಪಾಠ ಸುರುವಾಯಿತು. ಗುರುಗಳು ಮಂಚದ ಮೇಲೆ ಕಾನೂನು ಪುಸ್ತಕ ಹಿಡಿದು ಕೂತಿರುತ್ತಿದ್ದರು. ಶಿಷ್ಯೆ ಅಡುಗೆಮನೆಯಿಂದ ಕೂಗಿ ಕೇಳಬೇಕು. ಕೇಳಿದ್ದಕ್ಕಷ್ಟೇ ಉತ್ತರ. ಎಣ್ಣೆ ಎಷ್ಟು ಎಂದರೆ ಎರಡು ಚಮಚ. ಸಾಸಿವೆ ಸಿಡಿದ ಮೇಲೆ ಏನು ಎಂದರೆ ಬೆಳ್ಳುಳ್ಳಿ. ಮೊದಲನೇ ದಿನ ರಾಜಗಿರಿ ಪಲ್ಯ ತಳ ಹಿಡಿದು ಹೊಗೆಯೆದ್ದಾಗ, ಉರಿ ಸಣ್ಣ ಮಾಡಬೇಕೆಂದು ಯಾಕೆ ಹೇಳಲಿಲ್ಲ ಎಂದು ಸೌಂದರ್ಯಾ ಕಣ್ಣು ಒರೆಸಿಕೊಳ್ಳುತ್ತ ಬಂದಳು.

"ನೀ ಕೇಳಲಿಲ್ಲಲ್ಲ," ಎಂದರು ವಿಮಲಾಬಾಯಿ, ಪುಟ ತಿರುವುತ್ತ.

ಆದರೂ ಸೀದುಹೋದ ಆ ಪಲ್ಯವನ್ನು ಅವರೇ ಮೊದಲು ತಾಟಿಗೆ ಹಾಕಿಕೊಂಡರು. ತಿಂಗಳೊಪ್ಪತ್ತಿನಲ್ಲಿ ಸೌಂದರ್ಯಾಳಿಗೆ ನಾಲ್ಕು ಪಲ್ಯ ಕೈಗೆ ಹತ್ತಿದವು. ಅಫ್ರೀನ್ ಅಮ್ಮಿಗೆ ಫೋನು ಹಚ್ಚಿ ಕೇಳಿಕೊಂಡು ಪುಂಡಿಯನ್ನು ತೊಗರಿಬೇಳೆಯ ಜೊತೆ ಬೇಯಿಸಿದಳು. ಅವರ ಮನೆಯಲ್ಲಿ ಅದು ಅಂಬಾಡಾ. ಆ ಹುಳಿಯ ವಾಸನೆ ಮೆಟ್ಟಿಲಿಳಿದು ಹೋಗಿ, ದಿಲ್ಶಾದ್ ಬೇಗಂ ಒಂದು ಬಟ್ಟಲು ಹಿಡಿದು ಮೇಲೆ ಬಂದರು. ವಾರ ಮೂರು ಪಾಲಾಯಿತು. ಎರಡು ದಿನ ಸೌಂದರ್ಯಾ, ಎರಡು ದಿನ ಅಫ್ರೀನ್, ಉಳಿದ ದಿನ ವಿಮಲಾಬಾಯಿಯ ಹಸಿ ತಾಟು. ಮಸ್ತಾನಬಿ ಚೀಲ ಮಡಚುವ ಹೊತ್ತಿಗೆ ಮೂವರಲ್ಲಿ ಒಬ್ಬರಾದರೂ ಅಲ್ಲಿರುತ್ತಿದ್ದರು. ಬೇಕರಿಯವನು, ಏನ್ರಿ ಈ ಕಡೆ ಬರೋದೇ ಬಿಟ್ಟಿರಿ ಎಂದು ಕೇಳಿದನಂತೆ.

ಜನವರಿಯಲ್ಲಿ ಅಫ್ರೀನ್‌ಗೆ ಜ್ವರ ಬಂತು. ಎರಡು ದಿನ ಏನೂ ಒಳಗೆ ನಿಲ್ಲಲಿಲ್ಲ. ಮೂರನೇ ದಿನ ಮುಂಜಾನೆ ಸೌಂದರ್ಯಾ ಎದ್ದಾಗ ಅಡುಗೆಮನೆಯಲ್ಲಿ ಬೆಳಕಿತ್ತು. ವಿಮಲಾಬಾಯಿ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತು, ತೊಗರಿಬೇಳೆಯ ತೆಳ್ಳಗಿನ ಕಟ್ಟಿನ ಸಾರಿಗೆ ಎಳೆ ಮೆಂತ್ಯೆ ಹಾಕಿ ಕುದಿಸುತ್ತಿದ್ದರು. ಅಫ್ರೀನ್ ಗೋಡೆಗೆ ಒರಗಿ ಕೂತು ಒಂದು ಬಟ್ಟಲು ಕುಡಿದಳು. ಅದು ಹೊಟ್ಟೆಯಲ್ಲಿ ನಿಂತಿತು. ಸೂಟಿ ಮುಗಿಯಿತೇನು ಕಾಕು ಎಂದು ಅವಳು ಕ್ಷೀಣವಾಗಿ ಕೇಳಿದಾಗ, ಇದು ಅಡುಗೆಯಲ್ಲ, ಔಷಧಿ ಎಂದರು ವಿಮಲಾಬಾಯಿ. ಅವಳು ಎದ್ದು ಕಾಲೇಜಿಗೆ ಹೋದ ದಿನದಿಂದ ಮತ್ತೆ ಮಂಚ, ಪುಸ್ತಕ.

ಶನಿವಾರ ಅವರು ಕಮಲಾಪುರಕ್ಕೆ ಹೋಗುತ್ತಿದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದದ್ದು ದೊಡ್ಡ ಅನುಕೂಲ. ಬರುವಾಗ ಊರ ಸಂತೆಯ ಬದನೆ, ಹೀರೆ, ಒಮ್ಮೊಮ್ಮೆ ದಿಲ್ಶಾದ್ ಬೇಗಂ ಅವರಿಗಾಗಿ ಕಮಲಾಪುರದ ಕೆಂಪು ಬಾಳೆಹಣ್ಣು. ಕಂಡಕ್ಟರು ಒಂದು ಸಲ ಚೀಲಕ್ಕೆ ಲಗೇಜು ಟಿಕೆಟ್ ತೆಗೆಯಬೇಕು ಎಂದ. ಎಷ್ಟು ಕಿಲೋವರೆಗೆ ಟಿಕೆಟ್ ಇಲ್ಲ, ಅದು ಎಲ್ಲಿ ಬರೆದಿದೆ ಎಂದು ವಿಮಲಾಬಾಯಿ ಶಾಂತವಾಗಿ ಕೇಳಿದರು. ಅವನು ಮುಂದಿನ ಸೀಟಿಗೆ ಹೋದ.

ಪರೀಕ್ಷೆ ಹತ್ತಿರ ಬಂದಾಗ ಎರಡು ಶನಿವಾರ ಊರಿಗೆ ಹೋಗಲಾಗಲಿಲ್ಲ. ಎರಡನೇ ಭಾನುವಾರ ಮಧ್ಯಾಹ್ನ ದಿಲ್ಶಾದ್ ಬೇಗಂ ಕೆಳಗಿನಿಂದ ಕೂಗಿದರು. ಗಂಡಸರಿಗೆ ಮೇಲೆ ಪ್ರವೇಶವಿಲ್ಲ. ಪಡಸಾಲೆಯಲ್ಲಿ ಕುರ್ಚಿಯ ತುದಿಗೆ ಅಮರನಾಥ ಕೂತಿದ್ದರು, ತೊಡೆಯ ಮೇಲೆ ಒಂದು ಸ್ಟೀಲಿನ ಡಬ್ಬಿ. ಮನೆಯಲ್ಲಿ ಎಲ್ಲ ಸುದ್ದಿ ಸರಿಯಿದೆ ಎಂದು ಹೇಳಿ ಡಬ್ಬಿಯನ್ನು ಮುಂದೆ ಚಾಚಿದರು. ಒಳಗೆ ತುಂಬುಬದನೆಯ ಎಣ್ಣೆಗಾಯಿ.

"ಯಾರು ಮಾಡ್ಯಾರ್ರಿ ಇದನ್ನ?"

"ನಾನ ಮಾಡೀನಿ."

ವಿಮಲಾಬಾಯಿ ಗಂಡನ ಮುಖ ನೋಡಿದರು, ಡಬ್ಬಿ ನೋಡಿದರು. ಮೂರು ಸಲ ಹೊತ್ತಿಸಿದ ಮೇಲೆ ಇದು ನಾಲ್ಕನೇದು ಎಂದು ಅಮರನಾಥ ತಗ್ಗಿದ ದನಿಯಲ್ಲಿ ಹೇಳಿದರು. ದಿಲ್ಶಾದ್ ಬೇಗಂ ಒಳಗಿನಿಂದ ಎರಡು ರೊಟ್ಟಿ ತಂದಿಟ್ಟು ಬಾಗಿಲು ಮುಂದೆ ಮಾಡಿಕೊಂಡರು. ವಿಮಲಾಬಾಯಿ ಅಲ್ಲೇ ಕೂತು ತಿಂದರು. ಗಂಡನ ಕೈಯ ಅಡುಗೆ ಎಂದು ಇಷ್ಟು ವರ್ಷದಲ್ಲಿ ಒಂದು ಲೋಟ ಚಹಾವನ್ನೂ ಕುಡಿದವರಲ್ಲ. ಒಂದು ಗುಟುಕು ನೀರು ಕುಡಿದರು.

"ಉಪ್ಪು ಹೆಚ್ಚಾಗ್ಯಾದ್ರಿ."

"ಹೌದು, ನನಗೂ ಹಂಗ ಅನಿಸ್ತು. ಹಾಕಿದ ಮ್ಯಾಲೆ ತೆಗೀಲಿಕ್ಕೆ ಬರಂಗಿಲ್ಲಲ್ಲ."

ಇಬ್ಬರೂ ನಕ್ಕರು. ಬೇಯಿಸಿದ ಆಲೂಗಡ್ಡೆ ಒಂದು ಹಾಕಿದ್ದರೆ ಉಪ್ಪು ಎಳೆಯುತ್ತಿತ್ತು ಎಂದು ವಿಮಲಾಬಾಯಿ ಹೇಳಿಕೊಟ್ಟರು, ಈ ಸಲ ಕೇಳದೆಯೇ. ಡಬ್ಬಿಯನ್ನು ಬೆರಳಿನಿಂದ ಒರೆಸಿ ಖಾಲಿ ಮಾಡಿದರು. ಅಮರನಾಥ ನಾಲ್ಕರ ಬಸ್ಸಿಗೆ ಹೋದ ಮೇಲೆ, ಅವರು ಮೇಲೆ ಬಂದು ಸಂಜೆತನಕ ಓದಿದರು. ಆ ದಿನ ಓದಿದ್ದು ಬಹಳ ಚೆನ್ನಾಗಿ ತಲೆಗೆ ಹೋಯಿತು ಎಂದು ಆಮೇಲೆ ಹುಡುಗಿಯರ ಮುಂದೆ ಹೇಳಿದ್ದುಂಟು.

ಮೊದಲ ಸೆಮಿಸ್ಟರಿನಲ್ಲಿ ಐದರಲ್ಲಿ ನಾಲ್ಕು ಪಾಸಾದವು. ಕರಾರು ಕಾಯಿದೆ ಕೈಕೊಟ್ಟಿತು. ಮೂರನೇ ದಿನ ಮರುಪರೀಕ್ಷೆಯ ಫಾರ್ಮು ತಂದರು. ಆ ಹೊತ್ತಿಗೆ ಬಿಸಿಲು ಏರಿತ್ತು. ತಪ್ಪಲ ಬಾಡಿ, ಬೆಲೆ ದುಪ್ಪಟ್ಟಾಗಿ, ಮಸ್ತಾನಬಿಯೇ ಕೊಳ್ಳಬೇಡಿ ಎನ್ನುವಂತಾಗಿತ್ತು. ಸೌಂದರ್ಯಾ ನೆಹರು ಗಂಜಿನ ಧಾನ್ಯದ ಪೇಟೆಗೆ ಹೋಗಿ ಮಡಕಿ ಕಾಳು, ಹೆಸರು ಕಾಳು ತಂದಳು. ರಾತ್ರಿ ನೆನೆಹಾಕಿ, ಒದ್ದೆ ಅರಿವೆಯಲ್ಲಿ ಕಟ್ಟಿಟ್ಟರೆ ಆ ಸೆಕೆಗೆ ಮರುದಿನವೇ ಮೊಳಕೆ. ಮೇಲೆ ಹೆಚ್ಚಿದ ಸೌತೆ, ಟಮಾಟೆ, ಮಾವಿನಕಾಯಿ, ಚಿಟಿಕೆ ಉಪ್ಪು. ಜೂನಿನ ಮೊದಲ ಮಳೆಯವರೆಗೆ ಮೂವರನ್ನೂ ಸಾಕಿದ್ದು ಅದೇ. ಕರಾರು ಕಾಯಿದೆ ಎರಡನೇ ಸಲಕ್ಕೆ ಐವತ್ತೆಂಟು ಅಂಕ ಕೊಟ್ಟಿತು.

ಈಗ ವಿಮಲಾಬಾಯಿ ಎರಡನೇ ವರ್ಷದಲ್ಲಿದ್ದಾರೆ. ಸೌಂದರ್ಯಾಳಿಗೆ ಬೀದರಿನಲ್ಲಿ ನೌಕರಿ ಸಿಕ್ಕಿದೆ, ಭಾನುವಾರ ಫೋನು ಮಾಡಿ ಅಡುಗೆಯ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಾಳೆ. ಕಾಲೇಜಿನವರು ವಾರಕ್ಕೆರಡು ದಿನ ಕೋರ್ಟಿಗೆ ಕಳಿಸುತ್ತಾರೆ, ಕಲಾಪ ನೋಡಿ ಬರೆದುಕೊಂಡು ಬರಲು.

ಹೋದ ವಾರ ಮಧ್ಯಾಹ್ನದ ವಿರಾಮದಲ್ಲಿ ವಿಮಲಾಬಾಯಿ ಕೋರ್ಟಿನ ಆವರಣದ ಕಲ್ಲುಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಕೂತಿದ್ದರು. ತಲೆ ನೆರೆತ ವಕೀಲರೊಬ್ಬರು ಚಹಾದ ಕಪ್ಪು ಹಿಡಿದು ಅತ್ತ ಬಂದರು. ಬೆಳಗ್ಗೆ ಒಂದು ಜಮೀನಿನ ಕೇಸಿನಲ್ಲಿ ಅವರು ಸಾಕ್ಷಿಯನ್ನು ಪಾಟೀಸವಾಲು ಮಾಡಿದ್ದನ್ನು ವಿಮಲಾಬಾಯಿ ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಂಡಿದ್ದರು. ವಕೀಲರ ಕಣ್ಣು ಡಬ್ಬಿಯೊಳಗಿನ ಹಸಿ ತಪ್ಪಲ, ಗಜ್ಜರಿಯ ಮೇಲೆ ಬಿತ್ತು. ಡಾಕ್ಟರು ತಮಗೂ ಕರಿದದ್ದು ಬಿಡಲು ಹೇಳಿದ್ದಾರೆ, ಮನೆಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ತಮ್ಮ ಕಷ್ಟ ತೋಡಿಕೊಂಡರು.

"ಆ ಗಜ್ಜರಿ ಒಂದು ಕೊಡ್ರಿ ಬಾಯಿ," ಎಂದರು.

"ತಗೋರಿ ಸಾಹೇಬ್ರ. ಆ ಸಾಕ್ಷಿಗೆ ತಾರೀಖು ಕೇಳಿ, ಮುಂದಿನ ಪ್ರಶ್ನೆ ಯಾಕ ಬಿಟ್ರಿ, ಅದನ್ನಷ್ಟು ಹೇಳ್ರಿ."

ವಕೀಲರು ಕಪ್ಪನ್ನು ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತು, ಗಜ್ಜರಿ ಕಚ್ಚುತ್ತ ಹೇಳತೊಡಗಿದರು. ವಿಮಲಾಬಾಯಿ ಡಬ್ಬಿಯನ್ನು ಇಬ್ಬರ ನಡುವೆ ಸರಿಸಿ, ಬ್ಯಾಗಿನಿಂದ ಪೆನ್ನು ತೆಗೆದರು.